ಹಡಗಿನ ಬುಕಿಂಗ್ ದಿನ ಬದಲಿಸೋದಾ, ರದ್ದು ಮಾಡಿ ಹೊಸದಾಗಿ ಮಾಡಿಸೋದಾ? ಫೋನ್ ಮಾಡೋ ಮುಂಚೆ ಈ ಲೆಕ್ಕ ಹಾಕಿ

ನಂದಿಗುಡಿ (ಹರಿಹರ ತಾ.), ಆಗಸ್ಟ್ 2025: ಡಿಸೆಂಬರ್ ಮೊದಲ ವಾರ ಮುಂಬೈನಿಂದ ಹಡಗು ಹತ್ತಬೇಕು ಅಂತ ಮನೆಯ ನಾಲ್ಕು ಜನಕ್ಕೆ ಬುಕಿಂಗ್ ಆಗಿದೆ. ದುಡ್ಡೂ ಕಟ್ಟಿ ಆಗಿದೆ. ಅಷ್ಟರಲ್ಲಿ ತಂಗಿ ಮಗಳ ಮದುವೆ ಅದೇ ವಾರಕ್ಕೆ ಗೊತ್ತಾಯಿತು. ಸೋದರಮಾವನೇ ಇಲ್ಲದೆ ಮದುವೆ ನಡೆಯೋದು ಹೇಗೆ? ಮದುವೆಗಂತೂ ಹೋಗಲೇಬೇಕು. ಹಾಗಾದರೆ ಹಡಗಿನ ದುಡ್ಡಿನ ಗತಿ ಏನು?

ಅಂಗಡಿ ಕಟ್ಟೆ ಮೇಲೆ ಕೇಳಿದರೆ ಎರಡು ಉತ್ತರ ಸಿಗುತ್ತವೆ. ಒಬ್ಬರು, "ಡೇಟ್ ಚೇಂಜ್ ಮಾಡಿಸ್ರಿ, ಕಟ್ಟಿದ ದುಡ್ಡು ಉಳಿಯುತ್ತೆ" ಅಂತಾರೆ. ಇನ್ನೊಬ್ಬರು, "ಕ್ಯಾನ್ಸಲ್ ಮಾಡಿ ಹೊಸದಾಗಿ ಮಾಡಿಸ್ರಿ, ಈಗ ಆಫರ್ ನಡೀತಾ ಇದೆ" ಅಂತಾರೆ. ಇಬ್ಬರೂ ತಮ್ಮ ಅನುಭವವನ್ನೇ ಹೇಳ್ತಿರಬಹುದು. ಆದರೆ ಅವರ ಬುಕಿಂಗ್ ಬೇರೆ, ನಿಮ್ಮದು ಬೇರೆ. ಇವತ್ತು ಸರಿ ಇರೋ ಉತ್ತರ ಮುಂದಿನ ವಾರ ತಪ್ಪಾಗಬಹುದು.

ಮೇಲಿನದು ಉದಾಹರಣೆಗೆ ಹೇಳಿದ ಮನೆ. ಆದರೆ ಇಂಥ ಪ್ರಸಂಗ ಯಾರಿಗೂ ಬರಬಹುದು. ಭದ್ರಾ ಅಚ್ಚುಕಟ್ಟಿನಲ್ಲಿ ಮಳೆಗಾಲದ ಭತ್ತದ ಕೊಯ್ಲು ಸಾಮಾನ್ಯವಾಗಿ ನವೆಂಬರ್–ಡಿಸೆಂಬರ್‌ಗೆ ಬರುತ್ತೆ. ನಾಲೆಗೆ ನೀರು ತಡವಾಗಿ ಬಂದರೆ ಕೊಯ್ಲೂ ತಡ. ಅದರ ಜೊತೆ ಮದುವೆ, ಆಸ್ಪತ್ರೆ, ಮಕ್ಕಳ ಪರೀಕ್ಷೆ. ಆರು ತಿಂಗಳ ಮುಂಚೆ ಗೊತ್ತು ಮಾಡಿದ ಪ್ರವಾಸಕ್ಕೆ ಇವುಗಳಲ್ಲಿ ಯಾವುದಾದರೂ ಒಂದು ಅಡ್ಡ ಬರೋದು ದೊಡ್ಡ ಮಾತಲ್ಲ.

ಹಡಗಿನ ಪ್ರವಾಸ ನಮ್ಮ ಭಾಗಕ್ಕೆ ಹೊಸದು. ಕಾರ್ಡೀಲಿಯಾ ಸಂಸ್ಥೆಯ ಎಂಪ್ರೆಸ್ ಹಡಗು 2021ರ ಸೆಪ್ಟೆಂಬರ್‌ನಲ್ಲಿ ಮುಂಬೈನಿಂದ ಓಡಾಟ ಶುರು ಮಾಡಿದ ಮೇಲೆ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆ ಹಡಗಲ್ಲಿ ಹೋಗಿ ಬರೋದು ಮಧ್ಯಮ ವರ್ಗದ ಮನೆಗಳಲ್ಲೂ ಮಾತಿಗೆ ಬಂತು. ಬಸ್ಸು, ರೈಲಿನ ನಿಯಮ ಗೊತ್ತಿರೋ ಜನಕ್ಕೆ ಹಡಗಿನ ನಿಯಮ ಗೊತ್ತಿಲ್ಲ. ಗಡಿಬಿಡಿಯಲ್ಲಿ ಫೋನ್ ಮಾಡಿ "ಕ್ಯಾನ್ಸಲ್ ಮಾಡಿಬಿಡಿ" ಅಂದರೆ ಆ ಒಂದು ಮಾತಿಗೆ ಹತ್ತಾರು ಸಾವಿರ ಹೋಗಬಹುದು. ಆದ್ದರಿಂದ ಫೋನ್ ಮಾಡೋ ಮುಂಚೆ ಒಂದು ಹಾಳೆ, ಪೆನ್ನು, ಬುಕಿಂಗ್ ರಸೀದಿ ಹಿಡಿದು ಕೂರಬೇಕು.

ದಿನ ಬದಲಿಸ್ತಿರೋದು ಯಾರು?

ಮೊದಲ ಪ್ರಶ್ನೆ ಇದೇ. ನಿಮ್ಮ ಕಾರಣಕ್ಕೆ ದಿನ ಬದಲಾಗ್ತಿದ್ದರೆ ಶುಲ್ಕ ನಿಮ್ಮ ಮೇಲೆ. ಕಂಪನಿಯೇ ಪ್ರಯಾಣ ರದ್ದು ಮಾಡಿದರೆ ಲೆಕ್ಕವೇ ಬೇರೆ. ಆಗ ಪೂರ್ತಿ ಹಣ ವಾಪಸ್ ಕೇಳಬಹುದು, ಇಲ್ಲವೇ ಶುಲ್ಕ ಇಲ್ಲದೆ ಬೇರೆ ದಿನ ಕೇಳಬಹುದು.

ಆದರೆ ಪ್ರಯಾಣ ರದ್ದಾಗೋದು ಬೇರೆ, ಮಾರ್ಗ ಬದಲಾಗೋದು ಬೇರೆ. 2022ರ ಜೂನ್‌ನಲ್ಲಿ ಚೆನ್ನೈನಿಂದ ಹೊರಟ ಹಡಗಿಗೆ ಪುದುಚೇರಿಯಲ್ಲಿ ನಿಲ್ಲಲು ಅಲ್ಲಿನ ಸರ್ಕಾರ ಅನುಮತಿ ಕೊಡಲಿಲ್ಲ. ಹಡಗು ಹೋಯಿತು, ಪುದುಚೇರಿ ಮಾತ್ರ ತಪ್ಪಿತು. ಹವಾಮಾನ, ಬಂದರಿನ ಅನುಮತಿ ಇಂಥ ಕಾರಣಕ್ಕೆ ಒಂದು ಊರು ಬಿಟ್ಟು ಮುಂದೆ ಹೋಗುವ ಹಕ್ಕನ್ನು ಹಡಗು ಕಂಪನಿಗಳು ಸಾಮಾನ್ಯವಾಗಿ ಷರತ್ತಿನಲ್ಲೇ ಬರೆದುಕೊಂಡಿರುತ್ತವೆ. ನೀವು ಮುಖ್ಯವಾಗಿ ನೋಡಬೇಕು ಅಂದುಕೊಂಡಿದ್ದ ಊರೇ ತಪ್ಪಿ ಹೋದರೆ ಏನು ಪರಿಹಾರ ಅಂತ ಹೊಸ ಬುಕಿಂಗ್‌ಗೆ ಮುಂಚೆ ಕೇಳಿ.

ದೊಡ್ಡ ಘಟನೆ ಆದಾಗ ಕಂಪನಿಗಳು ತಾವೇ ಶುಲ್ಕ ಬಿಡೋದೂ ಉಂಟು. 2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯ ನಂತರ ಏರ್ ಇಂಡಿಯಾ, ಇಂಡಿಗೋ ಸಂಸ್ಥೆಗಳು ಶ್ರೀನಗರದ ಟಿಕೆಟ್‌ಗಳಿಗೆ ಏಪ್ರಿಲ್ 30ರವರೆಗೆ ದಿನ ಬದಲಾವಣೆ ಮತ್ತು ರದ್ದತಿ ಶುಲ್ಕ ಬಿಟ್ಟವು. ಪ್ರವಾಹ, ಚಂಡಮಾರುತ, ಗಲಭೆ ಇಂಥ ಕಾರಣ ಇದ್ದರೆ ಬಟನ್ ಒತ್ತುವ ಮುಂಚೆ ವಿನಾಯಿತಿ ಪ್ರಕಟಣೆ ಬಂದಿದೆಯಾ ಅಂತ ಕಂಪನಿಯ ವೆಬ್‌ಸೈಟ್ ನೋಡಿ. ನಿಮ್ಮ ಕೈಯಾರೆ ಮೊದಲೇ ರದ್ದು ಮಾಡಿಬಿಟ್ಟರೆ ಆಮೇಲೆ ಬಂದ ವಿನಾಯಿತಿ ನಿಮಗೆ ಸಿಗುತ್ತೆ ಅನ್ನೋ ಖಾತ್ರಿ ಇಲ್ಲ.

ಮದುವೆ, ಕೊಯ್ಲು, ಅಂಗಡಿ ಸೀಸನ್ ಇವು ನಿಮ್ಮ ಕಾರಣಗಳು. ಹಾಗಾದರೆ ಮುಂದಿನ ಲೆಕ್ಕಕ್ಕೆ ಬನ್ನಿ.

ಮುಂದಿನ ಗಡುವು ಯಾವತ್ತು?

ಹಡಗು, ಪ್ಯಾಕೇಜ್ ಟೂರ್ ಎರಡರಲ್ಲೂ ರದ್ದತಿ ಶುಲ್ಕ ಹಂತ ಹಂತವಾಗಿ ಏರುತ್ತೆ. ಹೊರಡೋ ದಿನ ದೂರ ಇದ್ದರೆ ಕಡಿಮೆ, ಹತ್ತಿರ ಬಂದಷ್ಟೂ ಜಾಸ್ತಿ. ಕೊನೆಯ ಹಂತದಲ್ಲಿ ಪೂರ್ತಿ ಹಣ ಹೋಗುತ್ತೆ. ಯಾವ ಹಂತಕ್ಕೆ ಎಷ್ಟು ದಿನ, ಎಷ್ಟು ಪರ್ಸೆಂಟ್ ಅನ್ನೋದು ಕಂಪನಿಯಿಂದ ಕಂಪನಿಗೆ, ಆಫರ್‌ನಿಂದ ಆಫರ್‌ಗೆ ಬೇರೆ. ಅದಕ್ಕೇ ಪಕ್ಕದ ಮನೆಯವರ ಅನುಭವ ಇಲ್ಲಿ ಕೆಲಸಕ್ಕೆ ಬರಲ್ಲ. ನಿಮ್ಮ ರಸೀದಿಯ ಜೊತೆ ಬಂದ ಷರತ್ತಿನ ಹಾಳೆಯೇ ಆಧಾರ.

ಅದರಲ್ಲಿ ನಾಲ್ಕು ವಿಷಯ ಹುಡುಕಿ.

ಒಂದು, ಇವತ್ತು ನೀವು ಯಾವ ಹಂತದಲ್ಲಿದ್ದೀರಿ, ಮುಂದಿನ ಹಂತ ಯಾವ ತಾರೀಖಿಗೆ ಶುರು. ಆ ತಾರೀಖನ್ನು ಗೋಡೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

ಎರಡು, ದಿನ ಎಣಿಸೋದು ಹೇಗೆ. ಹಡಗು ಹೊರಡೋ ದಿನವನ್ನು ಬಿಟ್ಟು ಎಣಿಸ್ತಾರಾ, ಸೇರಿಸಿ ಎಣಿಸ್ತಾರಾ? ನೀವು ಮೇಲ್ ಕಳಿಸಿದ ದಿನವೋ, ಅವರು ಅದನ್ನು ದಾಖಲಿಸಿದ ದಿನವೋ? ಭಾನುವಾರ ಸಂಜೆ ಕಳಿಸಿದ ಮೇಲ್ ಸೋಮವಾರದ ಲೆಕ್ಕಕ್ಕೆ ಹೋಗಿ ಒಂದು ಹಂತ ಮೇಲಕ್ಕೆ ಏರಬಹುದು. ಗಡುವಿನ ದಿನಕ್ಕೆ ಕಾಯಬೇಡಿ, ಎರಡು ದಿನ ಮುಂಚೆಯೇ ಮುಗಿಸಿ.

ಮೂರು, ರದ್ದತಿ ಶುಲ್ಕ ಯಾವ ಮೊತ್ತದ ಮೇಲೆ. ಕ್ಯಾಬಿನ್ ದರದ ಮೇಲೆ ಮಾತ್ರವೋ, ಬಂದರು ಶುಲ್ಕ, ತೆರಿಗೆ ಎಲ್ಲಾ ಸೇರಿದ ಮೊತ್ತದ ಮೇಲೋ? ಎರಡಕ್ಕೂ ಬಹಳ ವ್ಯತ್ಯಾಸ ಇರುತ್ತೆ.

ನಾಲ್ಕು, ದಿನ ಬದಲಾಯಿಸಿದ ಬುಕಿಂಗನ್ನು ಆಮೇಲೆ ರದ್ದು ಮಾಡಿದರೆ ಏನು. ಕೆಲವು ಷರತ್ತುಗಳಲ್ಲಿ ಒಂದು ಸಲ ಬದಲಿಸಿದ ಬುಕಿಂಗ್‌ಗೆ ಮತ್ತೆ ಹಣ ವಾಪಸ್ ಇಲ್ಲ, ಮತ್ತೆ ಬದಲಾವಣೆಯೂ ಇಲ್ಲ. ಇದು ಬಹಳ ಜನ ಓದದೆ ಬಿಡೋ ಸಾಲು. ಹೊಸ ದಿನ ಇನ್ನೂ ಗಟ್ಟಿಯಾಗಿಲ್ಲ, ಮದುವೆ ಮಾತುಕತೆ ಮಾತ್ರ ಆಗಿದೆ, ಲಗ್ನಪತ್ರಿಕೆ ಆಗಿಲ್ಲ ಅಂದರೆ ಅವಸರದಲ್ಲಿ ದಿನ ಬದಲಿಸಿ ಆ ಒಂದೇ ಅವಕಾಶ ಕಳ್ಕೋಬೇಡಿ. ಆದರೆ ಗಡುವು ನಾಳೆ ನಾಡಿದ್ದರಲ್ಲೇ ಇದ್ದರೆ ಬೀಗರ ಮನೆಗೆ ಫೋನ್ ಹಾಕಿ ದಿನ ಖಚಿತ ಮಾಡಿಕೊಳ್ಳಿ. ಒಂದು ಫೋನಿಗೆ ಸಂಕೋಚ ಪಟ್ಟು ಇಪ್ಪತ್ತು ಸಾವಿರ ಕಳೆದುಕೊಳ್ಳೋದು ಬೇಡ.

ಎರಡು ಸಾಲಿನ ಲೆಕ್ಕ

ಈಗ ಹಾಳೆಯ ಮಧ್ಯೆ ಗೀಟು ಎಳೀರಿ. ಎಡಗಡೆ "ಬದಲಾವಣೆ", ಬಲಗಡೆ "ರದ್ದು + ಹೊಸದು". ಎರಡರಲ್ಲೂ ಕೊನೆಗೆ ಬರಬೇಕಾದ್ದು ಒಂದೇ ಪ್ರಶ್ನೆಗೆ ಉತ್ತರ: ಇವತ್ತಿನಿಂದ ಹೊಸ ದಿನಕ್ಕೆ ಹಡಗು ಹತ್ತೋವರೆಗೆ ಜೇಬಿನಿಂದ ಇನ್ನೂ ಎಷ್ಟು ಹೋಗುತ್ತೆ?

ಲೆಕ್ಕ ಸಲೀಸಾಗಲಿ ಅಂತ ಒಂದಿಷ್ಟು ಅಂಕಿ ಇಟ್ಕೊಳ್ಳೋಣ. ಇವು ಯಾವ ಕಂಪನಿಯ ದರವೂ ಅಲ್ಲ. ನಾಲ್ಕು ಜನಕ್ಕೆ ಕಟ್ಟಿರೋದು 1,20,000 ರೂಪಾಯಿ. ಅದರಲ್ಲಿ ಕ್ಯಾಬಿನ್ ದರ 1,00,000, ಬಂದರು ಶುಲ್ಕ–ತೆರಿಗೆ 20,000. ಡಿಸೆಂಬರ್ ಬದಲು ಫೆಬ್ರುವರಿಗೆ ಹೋಗಬೇಕು.

ಎಡಗಡೆ: ಬದಲಾವಣೆ ಶುಲ್ಕ ತಲೆಗೆ 2,000ದಂತೆ 8,000. ಫೆಬ್ರುವರಿಯ ಅದೇ ಕ್ಯಾಬಿನ್ ಬೆಲೆ ಈಗ 1,38,000, ಹಾಗಾಗಿ ವ್ಯತ್ಯಾಸ 18,000. ಎರಡೂ ಸೇರಿ ಇನ್ನೂ ಕಟ್ಟಬೇಕಾದ್ದು 26,000.

ಬಲಗಡೆ: ಇವತ್ತಿನ ಹಂತದಲ್ಲಿ ರದ್ದತಿ ಶುಲ್ಕ ಕ್ಯಾಬಿನ್ ದರದ ಶೇ 25, ಅಂದರೆ 25,000. ವಾಪಸ್ ಬರೋದು 95,000. ಹೊಸ ಬುಕಿಂಗ್‌ಗೆ ಮಕ್ಕಳ ಟಿಕೆಟ್ ರಿಯಾಯಿತಿ ಇದೆ ಅಂದುಕೊಳ್ಳಿ, ಹಾಗಾಗಿ ಫೆಬ್ರುವರಿಗೆ 1,15,000. ವಾಪಸ್ ಬಂದದ್ದನ್ನು ಕಳೆದರೆ ಕೈಯಿಂದ ಹೋಗೋದು 20,000.

ಇವತ್ತಿನ ಲೆಕ್ಕದಲ್ಲಿ ರದ್ದು ಮಾಡಿ ಹೊಸದಾಗಿ ಮಾಡಿಸೋದೇ 6,000 ಅಗ್ಗ. ಅದೇ ಹಡಗು, ಅದೇ ದಿನ, ಆದರೂ ಎರಡು ಬೆಲೆ ಯಾಕೆ ಅಂತ ಕೇಳಬಹುದು. ಆಫರ್‌ಗಳು ಬಹುಪಾಲು ಹೊಸ ಬುಕಿಂಗ್‌ಗೆ ಮಾತ್ರ ಇರುತ್ತವೆ. ಹಳೆ ಬುಕಿಂಗ್ ಸರಿಸಿದವರಿಗೆ ಆಫರ್ ಇಲ್ಲದ ಬೆಲೆಯನ್ನೇ ಲೆಕ್ಕಕ್ಕೆ ಹಿಡೀತಾರೆ. ಹೊಸ ದಿನದ ಬೆಲೆ ಕಡಿಮೆ ಇದ್ದರೂ ವ್ಯತ್ಯಾಸ ವಾಪಸ್ ಕೊಡೋದು ಅಪರೂಪ.

ಈಗ ಅದೇ ಮನೆಯವರು "ನೋಡೋಣ, ಮುಂದಿನ ವಾರ ವಿಚಾರಿಸೋಣ" ಅಂತ ಬಿಟ್ಟರು ಅಂದುಕೊಳ್ಳಿ. ಅಷ್ಟರಲ್ಲಿ ಗಡುವು ದಾಟಿತು, ರದ್ದತಿ ಶುಲ್ಕ ಶೇ 50 ಆಯಿತು. ಬಲಗಡೆ ಲೆಕ್ಕ 20,000ದಿಂದ 45,000ಕ್ಕೆ ಏರಿತು. ಎಡಗಡೆ ಅದೇ 26,000. ಈಗ ಬದಲಾವಣೆ ಮಾಡಿಸೋದೇ 19,000 ಅಗ್ಗ. ಒಂದೇ ವಾರದಲ್ಲಿ ಉತ್ತರ ಉಲ್ಟಾ.

ಹಾಗಾಗಿ "ಯಾವುದು ಒಳ್ಳೇದು" ಅನ್ನೋ ಪ್ರಶ್ನೆಗೆ ತಾರೀಖು ಹಾಕದೆ ಕೊಟ್ಟ ಉತ್ತರಕ್ಕೆ ಅರ್ಥ ಇಲ್ಲ.

ಈ ಲೆಕ್ಕದಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತೆ. "ಆಗಲೇ 1,20,000 ಕಟ್ಟಿದ್ದೀವಿ, ಅದನ್ನು ಹೇಗೆ ಬಿಡೋದು" ಅನ್ನೋ ಸಂಕಟದಲ್ಲಿ ಜನ ಕಣ್ಣು ಮುಚ್ಚಿ ದಿನ ಬದಲಿಸ್ತಾರೆ. ಏಜೆಂಟ್‌ಗೆ ಕೊಟ್ಟ ಸರ್ವಿಸ್ ಚಾರ್ಜ್‌ನಂಥದ್ದು ಎರಡೂ ದಾರಿಯಲ್ಲಿ ವಾಪಸ್ ಬರಲ್ಲ. ಅದನ್ನು ಎಡಕ್ಕೂ ಬರೀಬೇಡಿ, ಬಲಕ್ಕೂ ಬರೀಬೇಡಿ. ಹೋದದ್ದು ಹೋಯಿತು. ಇನ್ನು ಮುಂದೆ ಹೋಗೋದು, ಬರೋದು ಎರಡನ್ನು ಮಾತ್ರ ಬರೀರಿ.

ಮೂರನೇ ದಾರಿಯೂ ಉಂಟು

ಸೋದರಮಾವ ಮದುವೆ ಬಿಡೋ ಹಾಗಿಲ್ಲ. ಆದರೆ ಆ ಮದುವೆಗೆ ಸಂಬಂಧ ಇಲ್ಲದ ಷಡ್ಡಕನ ಮನೆಯವರು ಅದೇ ಹಡಗಿಗೆ ಹೋಗಬಹುದಲ್ಲ? ಷರತ್ತಿನಲ್ಲಿ ಹೆಸರು ಬದಲಾವಣೆಗೆ ಅವಕಾಶ ಇದೆಯಾ, ಎಷ್ಟು ಶುಲ್ಕ, ಯಾವ ದಿನದವರೆಗೆ ಅಂತ ಕೇಳಿ. ತಲೆಗೆ 2,000 ಅಂದುಕೊಂಡರೂ 8,000ದಲ್ಲಿ ಮುಗಿಯುತ್ತೆ. ಕಟ್ಟಿದ ಹಣವನ್ನು ಅವರಿಂದ ತಗೋಬಹುದು, ನೀವು ಫೆಬ್ರುವರಿಗೆ ಆಫರ್ ಬೆಲೆಯಲ್ಲಿ ಹೊಸದಾಗಿ ಮಾಡಿಸ್ಕೋಬಹುದು. ಸಂಬಂಧಿಕರ ಮಧ್ಯೆ ದುಡ್ಡಿನ ಮಾತು ಮೊದಲೇ ಸ್ಪಷ್ಟ ಇರಲಿ.

ಪ್ರಯಾಣ ವಿಮೆ ಮಾಡಿಸಿದ್ದರೆ ಅದರ ಪಾಲಿಸಿಯನ್ನೂ ತೆಗೆದು ನೋಡಿ. ಸಾಮಾನ್ಯವಾಗಿ ಅದರಲ್ಲಿ ಪಟ್ಟಿ ಮಾಡಿದ ಕಾರಣಕ್ಕೆ ಮಾತ್ರ ಪರಿಹಾರ: ಆಸ್ಪತ್ರೆಗೆ ಸೇರೋದು, ಹತ್ತಿರದವರ ಸಾವು ಇಂಥವು. ಮದುವೆ ಮುಹೂರ್ತ, ಭತ್ತದ ಕೊಯ್ಲು ಆ ಪಟ್ಟಿಯಲ್ಲಿ ಸಿಗೋದು ಕಷ್ಟ.

ದುಡ್ಡು ವಾಪಸ್ ಬರೋದು ಯಾವಾಗ, ಯಾವ ರೂಪದಲ್ಲಿ?

ಅಂಗಡಿಯವರಿಗೆ ಇದು ಮುಖ್ಯ. ರದ್ದು ಮಾಡಿದ 95,000 ನಾಳೆಯೇ ಖಾತೆಗೆ ಬೀಳಲ್ಲ. ಹೊಸ ಬುಕಿಂಗ್‌ನ 1,15,000 ಮಾತ್ರ ಇವತ್ತೇ ಕಟ್ಟಬೇಕು. ಮುಂದೆ ದಸರಾ, ದೀಪಾವಳಿ ಇದೆ, ಅಂಗಡಿಗೆ ಮಾಲು ತುಂಬೋ ಹೊತ್ತು. ಆ ಒಂದು ತಿಂಗಳ ಮಟ್ಟಿಗೆ ಎರಡು ಪ್ರವಾಸದ ಹಣ ಹೊರಗೆ ಇರುತ್ತೆ. ಕ್ರೆಡಿಟ್ ಕಾರ್ಡ್ ಬಾಕಿ ಉಳಿದು ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿಯಂತೆ ಬಡ್ಡಿ ಬಿದ್ದರೆ 1,15,000ಕ್ಕೆ ಸುಮಾರು 4,000 ಆಯಿತು. ಮೇಲಿನ ಲೆಕ್ಕದಲ್ಲಿ ಉಳಿದಿದ್ದ 6,000ದಲ್ಲಿ ಕೈಗೆ ಸಿಗೋದು 2,000. ಅಷ್ಟಕ್ಕೆ ಇಷ್ಟು ಓಡಾಟ ಬೇಕಾ ಅನ್ನೋದನ್ನು ನೀವೇ ತೀರ್ಮಾನಿಸಿ.

ಕೆಲವೊಮ್ಮೆ ಹಣದ ಬದಲು "ಕ್ರೆಡಿಟ್ ನೋಟ್ ಕೊಡ್ತೀವಿ, ಮುಂದೆ ಯಾವಾಗ ಬೇಕಾದರೂ ಬಳಸಿ" ಅಂತಾರೆ. "ಯಾವಾಗ ಬೇಕಾದರೂ" ಅನ್ನೋದಕ್ಕೆ ಕೊನೆ ದಿನ ಇದ್ದೇ ಇರುತ್ತೆ. ಕೋವಿಡ್ ಲಾಕ್‌ಡೌನ್‌ನಲ್ಲಿ ರದ್ದಾದ ವಿಮಾನ ಟಿಕೆಟ್‌ಗಳ ಬಗ್ಗೆ ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 1ರಂದು ಕೊಟ್ಟ ತೀರ್ಪನ್ನು ಇಲ್ಲಿ ನೆನೆಯಬಹುದು. ಹಣ ಕೊಡಲಾಗದ ಸ್ಥಿತಿಯಲ್ಲಿದ್ದ ವಿಮಾನ ಸಂಸ್ಥೆಗಳು 2021ರ ಮಾರ್ಚ್ 31ರವರೆಗೆ ಬಳಸಬಹುದಾದ ಕ್ರೆಡಿಟ್ ಕೊಡಬಹುದು, ಆದರೆ ಅದರ ಮೌಲ್ಯ ತಿಂಗಳಿಗೆ ಮೊದಲು ಶೇ 0.5, 2020ರ ಜೂನ್ 30ರ ನಂತರ ಶೇ 0.75ರಂತೆ ಬೆಳೆಯಬೇಕು, ಅದನ್ನು ಬೇರೆಯವರಿಗೆ ವರ್ಗಾಯಿಸಲೂ ಬಿಡಬೇಕು ಅನ್ನೋ ವ್ಯವಸ್ಥೆ ಆಯಿತು. ಆ ತೀರ್ಪು ವಿಮಾನಗಳಿಗೆ, ಆ ಕಾಲಕ್ಕೆ ಮಾತ್ರ. ಆದರೆ ಕ್ರೆಡಿಟ್ ನೋಟ್ ಒಪ್ಪುವ ಮುಂಚೆ ಕೇಳಬೇಕಾದ ಮೂರು ಪ್ರಶ್ನೆ ಅದರಲ್ಲೇ ಇವೆ: ಕೊನೆ ದಿನ ಯಾವುದು? ಬಳಸದಿದ್ದರೆ ಹಣ ಬರುತ್ತಾ? ಬೇರೆಯವರು ಬಳಸಬಹುದಾ?

ವಿಮಾನದ ವಿಷಯದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ ಸ್ಪಷ್ಟ ಇದೆ. ಕ್ರೆಡಿಟ್ ತಗೊಳ್ಳೋದೋ ಹಣ ತಗೊಳ್ಳೋದೋ ಅನ್ನೋದು ಪ್ರಯಾಣಿಕರ ಇಷ್ಟ. ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತವನ್ನು ಮೀರುವಂತಿಲ್ಲ. ಹಣ ವಾಪಸ್ ಇಲ್ಲ ಅಂತ ಬರೆದ ಅಗ್ಗದ ಟಿಕೆಟ್ ಆದರೂ ತೆರಿಗೆ, ವಿಮಾನ ನಿಲ್ದಾಣ ಶುಲ್ಕ ವಾಪಸ್ ಬರಬೇಕು. ಹುಬ್ಬಳ್ಳಿಯಿಂದ ಮುಂಬೈಗೆ ವಿಮಾನ ಹತ್ತೋರು "ನಾನ್ ರಿಫಂಡಬಲ್" ಅಂದ ತಕ್ಷಣ ಸುಮ್ಮನಾಗಬೇಡಿ, ಆ ತೆರಿಗೆ ಹಣ ಕೇಳಿ.

ಹಡಗಿನ ಜೊತೆ ರೈಲೂ ಕದಲುತ್ತೆ

ನಮ್ಮ ಕಡೆಯಿಂದ ಹಡಗು ಹತ್ತೋಕೆ ಮೊದಲು ಮುಂಬೈ ಸೇರಬೇಕು. ಹಡಗಿನ ದಿನ ಬದಲಾದರೆ ರೈಲು, ರೂಮು ಎಲ್ಲಾ ಬದಲಾಗುತ್ತೆ. ಆದ್ದರಿಂದ ಹಾಳೆಯ ಎರಡೂ ಕಡೆ ಇದನ್ನೂ ಸೇರಿಸಿ.

ಒಂದು ಸಮಾಧಾನದ ವಿಷಯ ಇದೆ. 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ. ಆಗಸ್ಟ್‌ನಲ್ಲಿ ಡಿಸೆಂಬರ್‌ನ ರೈಲು ಟಿಕೆಟ್ ಸಿಗೋದೇ ಇಲ್ಲ. ಅಂದರೆ 60 ದಿನಕ್ಕಿಂತ ಮುಂಚೆ ಹಡಗಿನ ತೀರ್ಮಾನ ಮಾಡಿದರೆ ರೈಲಿನ ನಷ್ಟವೇ ಇಲ್ಲ.

ಟಿಕೆಟ್ ಆಗಲೇ ಆಗಿದ್ದರೆ ರದ್ದತಿ ಶುಲ್ಕ 2025ರಲ್ಲಿ ಹೀಗಿತ್ತು. ಗಾಡಿ ಹೊರಡೋ 48 ಗಂಟೆಗೆ ಮುಂಚೆ ಖಚಿತ ಟಿಕೆಟ್ ರದ್ದು ಮಾಡಿದರೆ ತಲೆಗೆ ಸ್ಲೀಪರ್‌ಗೆ 120, ಮೂರನೇ ದರ್ಜೆ ಎಸಿಗೆ 180, ಎರಡನೇ ದರ್ಜೆ ಎಸಿಗೆ 200, ಮೊದಲ ದರ್ಜೆ ಎಸಿಗೆ 240 ರೂಪಾಯಿ. ಎಸಿಗೆ ಜಿಎಸ್‌ಟಿ ಬೇರೆ. 48ರಿಂದ 12 ಗಂಟೆ ಒಳಗಾದರೆ ದರದ ಶೇ 25, ಹನ್ನೆರಡರಿಂದ 4 ಗಂಟೆ ಒಳಗಾದರೆ ಶೇ 50 ಹೋಗ್ತಿತ್ತು. ಆಮೇಲೆ ಏನೂ ಬರ್ತಿರಲಿಲ್ಲ. ತತ್ಕಾಲ್ ಖಚಿತ ಟಿಕೆಟ್‌ಗೆ ಮೊದಲಿಂದಲೂ ವಾಪಸ್ ಇಲ್ಲ. ನಾಲ್ಕು ಜನದ ಸ್ಲೀಪರ್ ಟಿಕೆಟ್ ಹೊತ್ತಿಗೆ ಮುಂಚೆ ರದ್ದು ಮಾಡಿದರೆ ಹೋಗೋದು 480 ರೂಪಾಯಿ. ಇಷ್ಟಕ್ಕೋಸ್ಕರ ಹಡಗಿನ ತೀರ್ಮಾನ ತಡ ಮಾಡಬೇಡಿ.

ಹರಿಹರ, ದಾವಣಗೆರೆ ನಿಲ್ದಾಣದ ಕೌಂಟರ್‌ನಲ್ಲಿ ಮಾಡಿಸಿದ ಟಿಕೆಟ್‌ಗೆ ಇನ್ನೊಂದು ಅನುಕೂಲ ಉಂಟು. ಹೊರಡೋ 48 ಗಂಟೆಗೆ ಮುಂಚೆ ಟಿಕೆಟ್ ತಗೊಂಡು ಕೌಂಟರ್‌ಗೆ ಹೋದರೆ, ಹೊಸ ದಿನಕ್ಕೆ ಜಾಗ ಇದ್ದರೆ, ರದ್ದು ಮಾಡದೇ ಒಂದು ಸಲ ದಿನ ಬದಲಿಸ್ಕೋಬಹುದು. ಮೊಬೈಲ್‌ನಲ್ಲಿ ಮಾಡಿದ ಇ-ಟಿಕೆಟ್‌ಗೆ 2025ರ ಆಗಸ್ಟ್‌ನಲ್ಲಿ ಈ ಸೌಲಭ್ಯ ಇರಲಿಲ್ಲ, ರದ್ದು ಮಾಡಿ ಹೊಸದಾಗಿಯೇ ಮಾಡಬೇಕಿತ್ತು. ಖಚಿತ ಟಿಕೆಟನ್ನು ತಂದೆ, ತಾಯಿ, ಅಣ್ಣ ತಮ್ಮ, ಅಕ್ಕ ತಂಗಿ, ಗಂಡ, ಹೆಂಡತಿ, ಮಕ್ಕಳ ಹೆಸರಿಗೆ 24 ಗಂಟೆ ಮುಂಚೆ ಅರ್ಜಿ ಕೊಟ್ಟು ಬದಲಿಸಬಹುದು. ಷಡ್ಡಕನ ಹೆಸರಿಗೆ ಆಗಲ್ಲ.

ಹೊಸ ದಿನ ಆರಿಸುವಾಗ ವಾರವನ್ನೂ ನೋಡಿ. ದಾದರ್ ಕಡೆ ಹೋಗುವ ಚಾಲುಕ್ಯ, ಶರಾವತಿ ಎಕ್ಸ್‌ಪ್ರೆಸ್‌ಗಳಿಗೆ ಅವುಗಳದ್ದೇ ವಾರಗಳಿವೆ. ಹಡಗು ಗುರುವಾರದ ಬದಲು ಸೋಮವಾರ ಹೊರಟರೆ ನಿಮಗೆ ಬೇಕಾದ ಗಾಡಿ ಆ ವಾರ ಇರದೇ ಹೋಗಬಹುದು. ಗಾಡಿ ನೀವು ಹತ್ತೋ ನಿಲ್ದಾಣಕ್ಕೆ ಮೂರು ಗಂಟೆಗಿಂತ ಹೆಚ್ಚು ತಡವಾಗಿ ಬಂದು ನೀವು ಪ್ರಯಾಣ ಬಿಟ್ಟರೆ ರೈಲ್ವೆ ಪೂರ್ತಿ ಹಣ ಕೊಡುತ್ತೆ, ಅದು ರೈಲಿನ ಹಣ ಮಾತ್ರ. ತಪ್ಪಿದ ಹಡಗಿನ ಹಣ ಯಾರೂ ಕೊಡಲ್ಲ. ಹಡಗು ಹೊರಡೋ ಒಂದು ದಿನ ಮುಂಚೆಯೇ ಮುಂಬೈ ಸೇರಿಕೊಳ್ಳಿ, ಒಂದು ರಾತ್ರಿ ರೂಮಿನ ಖರ್ಚನ್ನೂ ಲೆಕ್ಕಕ್ಕೆ ಹಿಡೀರಿ.

ಲಕ್ಷದ್ವೀಪಕ್ಕೆ ಹೋಗೋರು ಇನ್ನೊಂದು ಮರೆಯಬೇಡಿ. ಅಲ್ಲಿಗೆ ಹೋಗಲು ಪ್ರವೇಶ ಪರವಾನಗಿ ಬೇಕು. ದಿನ ಬದಲಾದರೆ ಪರವಾನಗಿಯ ವಿಷಯ ಯಾರು ನೋಡ್ಕೋತಾರೆ, ಅದಕ್ಕೆ ಮತ್ತೆ ದುಡ್ಡು ಕಟ್ಟಬೇಕಾ ಅಂತ ಕೇಳಿ.

ಬುಕಿಂಗ್ ಇರೋದು ಯಾರ ಕೈಯಲ್ಲಿ?

ದಾವಣಗೆರೆಯಲ್ಲೋ ಹರಿಹರದಲ್ಲೋ ಏಜೆಂಟ್ ಮೂಲಕ ಮಾಡಿಸಿದ್ದರೆ ಕಂಪನಿಗೆ ನೇರ ಫೋನ್ ಮಾಡಿದಾಗ "ನಿಮ್ಮ ಏಜೆಂಟ್ ಮೂಲಕ ಬನ್ನಿ" ಅನ್ನೋ ಉತ್ತರ ಬರಬಹುದು. ಏಜೆಂಟ್‌ಗೆ ಹೇಳಿ ಸುಮ್ಮನಿರಬೇಡಿ. ಅವರು ಎರಡು ದಿನ ಬಿಟ್ಟು ಮೇಲ್ ಕಳಿಸಿದರೆ ಗಡುವು ದಾಟಿರುತ್ತೆ. ಕಂಪನಿ ಕೊಟ್ಟ ಬುಕಿಂಗ್ ನಂಬರ್ ನಿಮ್ಮ ಹತ್ತಿರ ಇರಲಿ. ಏಜೆಂಟ್‌ನ ರಸೀದಿ ನಂಬರ್ ಬೇರೆ, ಕಂಪನಿಯ ಬುಕಿಂಗ್ ನಂಬರ್ ಬೇರೆ. ಕಟ್ಟಿದ ಹಣ ಕಂಪನಿಗೆ ಪೂರ್ತಿ ಸೇರಿದೆಯಾ ಅಂತಲೂ ಆ ನಂಬರ್ ಇಟ್ಟುಕೊಂಡು ವಿಚಾರಿಸಿ.

ಏಜೆಂಟ್ ಹೇಳೋ ಶುಲ್ಕದಲ್ಲಿ ಕಂಪನಿಯದ್ದೆಷ್ಟು, ಅವರದ್ದೆಷ್ಟು ಅಂತ ಬಿಡಿಸಿ ಬರೆಸ್ಕೊಳ್ಳಿ. ಪರಿಚಯದವರು ಅಂತ ಸಂಕೋಚ ಬೇಡ. ಬಾಯಿ ಮಾತಿನಲ್ಲಿ "ಆಯ್ತು ಅಣ್ಣಾ, ಮಾಡಿಸ್ತೀನಿ" ಅಂದದ್ದು ನಾಳೆ ದಾಖಲೆಗೆ ಬರಲ್ಲ. ವಾಟ್ಸ್‌ಆ್ಯಪ್‌ನಲ್ಲಾದರೂ ಸರಿ, ತಾರೀಖು, ಮೊತ್ತ, ಹೊಸ ದಿನ ಮೂರೂ ಬರವಣಿಗೆಯಲ್ಲಿ ಬರಲಿ.

ವಿದೇಶದ ಪ್ಯಾಕೇಜ್ ಆಗಿದ್ದರೆ ಟಿಸಿಎಸ್ ಅಂತ ಒಂದಿಷ್ಟು ತೆರಿಗೆ ಹಿಡಿದಿರುತ್ತಾರೆ. ಅದು ನಿಮ್ಮ ಪ್ಯಾನ್ ಮೇಲೆ ಜಮಾ ಆಗುತ್ತೆ. ರದ್ದು ಮಾಡಿದಾಗ ಅದು ವಾಪಸ್ ಬರುತ್ತಾ, ರಿಟರ್ನ್ಸ್‌ನಲ್ಲಿ ಹೊಂದಿಸ್ಕೋಬೇಕಾ ಅಂತ ನಿಮ್ಮ ಆಡಿಟರ್‌ಗೆ ರಸೀದಿ ತೋರಿಸಿ.

ಯಾವುದು ಮೊದಲು, ಯಾವುದು ಆಮೇಲೆ

ಲೆಕ್ಕ ಸರಿ ಇದ್ದರೂ ಕ್ರಮ ತಪ್ಪಿದರೆ ನಷ್ಟ. ಈ ಕ್ರಮದಲ್ಲಿ ಮಾಡಿ.

1. ಹೊಸ ದಿನ ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆಯಾ ಖಚಿತ ಮಾಡಿ. ಕೊಯ್ಲು, ಪರೀಕ್ಷೆ, ಇನ್ನೊಂದು ಮದುವೆ ಇಲ್ಲ ತಾನೆ? ಮಾರ್ಚ್‌ಗೆ ಹೋದರೆ ಎಸ್ಸೆಸ್ಸೆಲ್ಸಿ ಮಕ್ಕಳಿರೋ ಮನೆಗೆ ಕಷ್ಟ.

2. ಷರತ್ತಿನ ಹಾಳೆಯಲ್ಲಿ ಇವತ್ತಿನ ಹಂತ, ಮುಂದಿನ ಗಡುವು ಬರ್ಕೊಳ್ಳಿ.

3. ಕಂಪನಿಯಿಂದ ಎರಡು ಮೊತ್ತ ಬರವಣಿಗೆಯಲ್ಲಿ ಕೇಳಿ: ದಿನ ಬದಲಿಸಿದರೆ ಒಟ್ಟು ಎಷ್ಟು ಕಟ್ಟಬೇಕು, ರದ್ದು ಮಾಡಿದರೆ ಒಟ್ಟು ಎಷ್ಟು ವಾಪಸ್ ಬರುತ್ತೆ, ಎಷ್ಟು ದಿನದಲ್ಲಿ. ವಿಚಾರಿಸೋದು ಮಾತ್ರ, ಒಪ್ಪಿಗೆ ಕೊಡಬೇಡಿ. "ಇದು ವಿಚಾರಣೆ ಅಷ್ಟೇ, ಬುಕಿಂಗ್ ಮುಟ್ಟಬೇಡಿ" ಅಂತ ಮೇಲ್‌ನಲ್ಲೇ ಬರೀರಿ.

4. ಹೊಸ ಗ್ರಾಹಕರಿಗೆ ಅದೇ ದಿನದ ಬೆಲೆ ಎಷ್ಟಿದೆ ಅಂತ ವೆಬ್‌ಸೈಟ್‌ನಲ್ಲಿ ಕೊನೆಯ ಹಣ ಪಾವತಿ ಪುಟದವರೆಗೆ ಹೋಗಿ ನೋಡಿ. ಮೊದಲ ಪುಟದ ಬೆಲೆಗೆ ತೆರಿಗೆ, ಬಂದರು ಶುಲ್ಕ ಸೇರಿರಲ್ಲ. ಎರಡು ಜನದ ಕ್ಯಾಬಿನ್‌ಗೆ ತಲೆಗೆ ಎಷ್ಟು ಅನ್ನೋ ಬೆಲೆ ಅದು, ಒಬ್ಬರೇ ಹೋದರೆ ಜಾಸ್ತಿ ಆಗುತ್ತೆ.

5. ರೈಲು, ರೂಮು, ಬಡ್ಡಿ ಸೇರಿಸಿ ಎರಡೂ ಕಡೆ ಕೂಡಿ.

6. ರದ್ದು ಮಾಡೋದೇ ಲಾಭ ಅಂತಾದರೆ ಹೊಸ ಬುಕಿಂಗ್ ಕೈಗೆ ಬಂದ ಮೇಲೆ ಹಳೇದನ್ನು ರದ್ದು ಮಾಡಿ. ಹಳೇದನ್ನು ಬಿಟ್ಟು ಹೊಸದಕ್ಕೆ ಹೋಗುವಷ್ಟರಲ್ಲಿ ಕ್ಯಾಬಿನ್ ಖಾಲಿ ಆದರೆ ಎರಡೂ ಇಲ್ಲ. ಎರಡರ ನಡುವೆ ಗಡುವು ದಾಟದಂತೆ ಒಂದೇ ದಿನ ಮುಗಿಸಿ.

7. ಹೊಸ ಟಿಕೆಟ್, ರದ್ದತಿ ಪತ್ರ ಎರಡೂ ಮೇಲ್‌ಗೆ ಬಂದ ಮೇಲೆಯೇ ಕೆಲಸ ಮುಗೀತು ಅಂದುಕೊಳ್ಳಿ.

ಎರಡು ಮೊತ್ತದ ನಡುವೆ ಎರಡು ಮೂರು ಸಾವಿರದ ವ್ಯತ್ಯಾಸ ಮಾತ್ರ ಬಂದರೆ ಬದಲಾವಣೆ ದಾರಿಯೇ ನೆಮ್ಮದಿ. ವಾಪಸ್ ಹಣಕ್ಕೆ ಕಾಯೋದು, ಫೋನ್ ಮಾಡೋದು ತಪ್ಪುತ್ತೆ. ಆದರೆ ಹೊಸ ದಿನದ ಬಗ್ಗೆ ಇನ್ನೂ ಅನುಮಾನ ಇದ್ದರೆ, ಬದಲಿಸಿದ ಬುಕಿಂಗ್ ಮತ್ತೆ ಕದಲಿಸೋ ಹಾಗಿಲ್ಲ ಅಂತ ಷರತ್ತೂ ಇದ್ದರೆ, ಈಗ ಬರೋ ಹಣ ತಗೊಂಡು ಸುಮ್ಮನಿರೋದು ಲೇಸು. ಹಡಗು ಮುಂದಿನ ವರ್ಷವೂ ಇರುತ್ತೆ.

ತಕರಾರು ಬಂದರೆ

ಷರತ್ತಿನ ಪ್ರಕಾರ ಬರಬೇಕಾದ ಹಣ ಬರಲಿಲ್ಲ, ಹೇಳಿದ್ದು ಒಂದು ಹಿಡಿದದ್ದು ಇನ್ನೊಂದು ಅಂತಾದರೆ ಮೊದಲು ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡಿ. ಉತ್ತರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ.

ಕಂಪನಿ ಮುಂಬೈಯಲ್ಲಿದೆ, ಅಲ್ಲಿಗೆ ಯಾರು ಅಲೀತಾರೆ ಅಂತ ಬಿಡಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೂರುದಾರರು ವಾಸ ಮಾಡೋ ಜಿಲ್ಲೆಯಲ್ಲೇ ದೂರು ಕೊಡಬಹುದು. ನಂದಿಗುಡಿಯವರು ದಾವಣಗೆರೆಯಲ್ಲೇ ಕೊಡಬಹುದು. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕ ಇಲ್ಲ. ತಕರಾರು ಹುಟ್ಟಿದ ಎರಡು ವರ್ಷದ ಒಳಗೆ ಕೊಡಬೇಕು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೂ ಸಲ್ಲಿಸಬಹುದು. ಗ್ರಾಹಕರಿಗೆ ವಿಪರೀತ ನಷ್ಟ ಮಾಡೋ ಏಕಪಕ್ಷೀಯ ಷರತ್ತನ್ನು ಈ ಕಾಯ್ದೆ "ಅನ್ಯಾಯದ ಒಪ್ಪಂದ" ಅಂತ ಗುರುತಿಸುತ್ತೆ. ಆದರೆ ಅಂಥ ಒಪ್ಪಂದದ ವಿರುದ್ಧದ ದೂರು ರಾಜ್ಯ ಆಯೋಗಕ್ಕೆ ಹೋಗಬೇಕು. ಹಣ ವಾಪಸ್, ಸೇವಾ ನ್ಯೂನತೆ ದೂರು ಜಿಲ್ಲೆಯಲ್ಲೇ ನಡೆಯುತ್ತೆ.

ಅಲ್ಲಿ ಕೇಳೋದು ಕಾಗದ. ರಸೀದಿ, ಷರತ್ತಿನ ಹಾಳೆ, ಮೇಲ್, ವಾಟ್ಸ್‌ಆ್ಯಪ್ ಮೆಸೇಜ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲವನ್ನೂ ಹೊಸ ಪ್ರವಾಸ ಮುಗಿದು ಹಣದ ಲೆಕ್ಕ ಚುಕ್ತಾ ಆಗೋವರೆಗೆ ಒಂದು ಕವರ್‌ನಲ್ಲಿ ಹಾಕಿಡಿ. ಕವರ್ ಮೇಲೆ ಮುಂದಿನ ಗಡುವಿನ ತಾರೀಖು ದೊಡ್ಡದಾಗಿ ಬರೆದಿರಲಿ.